ಅಡಿಕೆ ಬೆಳೆಗಾರರ ಈ ವೇದಿಕೆಯನ್ನು ಮತ್ತೆ ನಡೆಸುವ ಬಗ್ಗೆ: ಹಳೆಯ ಸದಸ್ಯರೂ ಹೊಸಬರೂ ಅಭಿಪ್ರಾಯ ತಿಳಿಸಿ

ಸೋಗೆ (ಶಿರಸಿ)

ಎಲ್ಲರಿಗೂ ನಮಸ್ಕಾರ.

ವೇದಿಕೆಯ ಹಿಂದಿನ ಸಂಚಾಲಕರು ವಯಸ್ಸಿನ ಕಾರಣದಿಂದ ಜವಾಬ್ದಾರಿ ಬಿಟ್ಟಿದ್ದಾರೆ. ಅದನ್ನು ನನಗೂ ಇನ್ನಿಬ್ಬರಿಗೂ ಒಪ್ಪಿಸಿದ್ದಾರೆ. ಒಳಗೆ ಹೋಗಿ ನೋಡಿದಾಗ ಕಂಡ ಸ್ಥಿತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಮುಖಪುಟದ ತುಂಬ ಸಾಲ, ಜೂಜು, ನಕಲಿ ಔಷಧಿಗಳ ಜಾಹೀರಾತು. ನೋಂದಾಯಿತ ಹೊಸ ಖಾತೆಗಳಲ್ಲಿ ಹೆಚ್ಚಿನವು ಮನುಷ್ಯರಲ್ಲ, ಯಂತ್ರಗಳು (ಬಾಟ್‌ಗಳು) ತೆರೆದಂಥವು. ಹಳೆಯ ಚರ್ಚೆಗಳಲ್ಲಿ ಚಿತ್ರಗಳಿದ್ದ ಜಾಗದಲ್ಲಿ ಖಾಲಿ ಚೌಕಗಳಿವೆ. ಇವನ್ನೆಲ್ಲ ಸರಿಪಡಿಸಬಹುದು.

ನನ್ನನ್ನು ಕಾಡಿದ್ದು ಬೇರೆ. ಆ ಜಾಹೀರಾತುಗಳ ನಡುವೆ ನಿಜವಾದ ಬೆಳೆಗಾರರು ಕೇಳಿದ ಪ್ರಶ್ನೆಗಳಿವೆ. ಕೊಪ್ಪದ ಒಬ್ಬರು ಎಲೆಚುಕ್ಕಿ ರೋಗ ತೋಟಕ್ಕೆ ಕಾಲಿಟ್ಟಾಗ ಏನು ಮಾಡಬೇಕೆಂದು ಕೇಳಿದ್ದಾರೆ. ಸುಳ್ಯದ ಒಬ್ಬರು ಹಳದಿ ಎಲೆ ರೋಗ ಬಂದ ತೋಟವನ್ನು ಕಡಿದು ಬೇರೆ ಬೆಳೆ ಹಾಕಬೇಕೇ, ಇನ್ನೂ ಕಾಯಬೇಕೇ ಎಂದು ಕೇಳಿದ್ದಾರೆ. ಇಷ್ಟು ದೊಡ್ಡ ನಿರ್ಧಾರದ ಮುಂದೆ ನಿಂತವರು ನಮ್ಮನ್ನು ನಂಬಿ ಬಂದಿದ್ದರು. ಅವರಿಗೆ ಒಂದು ಸಾಲಿನ ಉತ್ತರವೂ ಸಿಕ್ಕಿಲ್ಲ. ಹಾಗೆ ಸುಮ್ಮನೆ ಹೋದವರು ತಿರುಗಿ ಬರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು: ಹೊಸ ವಿನ್ಯಾಸ, ಹೊಸ ಲಾಂಛನ, ಉದ್ಘಾಟನೆ ಯಾವುದೂ ಈಗ ಬೇಡ. ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಒಟ್ಟುಮಾಡಿ, ಬಲ್ಲವರು ಹಂಚಿಕೊಂಡು ಉತ್ತರಿಸೋಣ. ಎಷ್ಟು ಹಳೆಯದಾದರೂ ಸರಿ. ಅದೇ ಪ್ರಶ್ನೆ ಈಗಲೂ ಯಾರೋ ಒಬ್ಬರ ತೋಟದಲ್ಲಿ ಇದ್ದೇ ಇರುತ್ತದೆ. ನಿಮ್ಮ ಮಾತು ಹೇಳಿ.

ಘಟ್ಟದ ಕೆಳಗೆ (ಪುತ್ತೂರು)

ಜವಾಬ್ದಾರಿ ವಹಿಸಿಕೊಂಡ ಮೂವರಿಗೂ ವಂದನೆಗಳು. ಆದರೆ ಒಂದು ಪ್ರಶ್ನೆಯನ್ನು ಮೊದಲೇ ಕೇಳಬೇಕು. ಇದು ಬೇಕೇ? ನಾನು ಅಡಿಕೆಗೆ ಸಂಬಂಧಿಸಿದ ಹಲವು ವಾಟ್ಸಾಪ್ ಗುಂಪುಗಳಲ್ಲಿ ಇದ್ದೇನೆ. ಬೆಳಿಗ್ಗೆ ಎಲೆಯ ಚಿತ್ರ ಹಾಕಿದರೆ ಕಾಫಿ ಕುಡಿಯುವಷ್ಟರಲ್ಲಿ ಉತ್ತರ ಬರುತ್ತದೆ. ಮಾರುಕಟ್ಟೆ ಧಾರಣೆ ಬರುತ್ತದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಎಲ್ಲಿ ಸಿಗುತ್ತಾರೆ ಎಂಬುದೂ ತಿಳಿಯುತ್ತದೆ. ಹೆಸರು ನೋಂದಾಯಿಸಿ, ಗುಪ್ತಪದ ನೆನಪಿಟ್ಟುಕೊಂಡು ಇಲ್ಲಿಗೆ ಬರುವ ತಾಳ್ಮೆ ಈಗ ಯಾರಿಗಿದೆ? ನಿರುತ್ಸಾಹಗೊಳಿಸಲು ಹೇಳುತ್ತಿಲ್ಲ. ಈ ಪ್ರಶ್ನೆಗೆ ಉತ್ತರವಿಲ್ಲದೆ ದುಡಿದರೆ ನಿಮ್ಮ ಶ್ರಮ ವ್ಯರ್ಥವಾದೀತು ಎಂಬ ಕಾಳಜಿ ಅಷ್ಟೇ.

ಸೋಗೆ

ನ್ಯಾಯವಾದ ಪ್ರಶ್ನೆ. ನಾನೂ ಆ ಗುಂಪುಗಳಲ್ಲಿ ಇದ್ದೇನೆ, ಬಿಡುವುದೂ ಇಲ್ಲ. ತುರ್ತಿಗೆ ಅವೇ ಸರಿ. ಆದರೆ ಪ್ರತಿ ವರ್ಷ ಮೇ ಬಂದಾಗ ಅಲ್ಲಿ ನಡೆಯುವುದನ್ನು ಗಮನಿಸಿ. ಮಳೆಗಾಲದ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಎಂದು ಒಬ್ಬರು ಕೇಳುತ್ತಾರೆ. ಹತ್ತು ಜನ ಹತ್ತು ಅಳತೆ ಹೇಳುತ್ತಾರೆ. ಸಂಜೆಯ ಹೊತ್ತಿಗೆ ಶುಭಾಶಯ ಚಿತ್ರಗಳ ಕೆಳಗೆ ಅದು ಹೂತುಹೋಗುತ್ತದೆ. ಮರುವರ್ಷ ಮತ್ತೆ ಅದೇ ಪ್ರಶ್ನೆ, ಮತ್ತೆ ಹತ್ತು ಅಳತೆ. ಯಾರೂ ಹಿಂದಿನ ವರ್ಷದಿಂದ ಮುಂದಕ್ಕೆ ಹೋಗುವುದಿಲ್ಲ.

ನಮ್ಮ ವೇದಿಕೆಯಲ್ಲಿ ಅದೇ ವಿಷಯದ ಒಂದು ಹಳೆಯ ಚರ್ಚೆ ಇದೆ, ದಯವಿಟ್ಟು ತೆಗೆದು ಓದಿ. ಶೇಕಡಾ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬಲ್ಲಿಂದ ಅದು ಆರಂಭವಾಗುತ್ತದೆ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು ಎಂದು ಒಬ್ಬರು ಸೇರಿಸುತ್ತಾರೆ. ಕಬ್ಬಿಣದ ಪಾತ್ರೆ ಬೇಡ ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಅದ್ದಿ, ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಬಂದರೆ ಸುಣ್ಣ ಸಾಲದು ಎಂದು ತಿಳಿಯಬೇಕೆಂಬ ಪರೀಕ್ಷೆಯನ್ನು ಮತ್ತೊಬ್ಬರು ವಿವರಿಸುತ್ತಾರೆ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು ಸುಮಾರು 40ರಿಂದ 45 ದಿನಗಳ ನಂತರ ಎಂಬ ಮಾತಿನ ಮೇಲೆ, ಮಳೆ ಬಿಡುವೇ ಕೊಡದ ವರ್ಷ ಏನು ಮಾಡುವುದು ಎಂಬ ವಾದ ಪುಟಗಟ್ಟಲೆ ನಡೆದಿದೆ. ವರ್ಷದಿಂದ ವರ್ಷಕ್ಕೆ ಜನ ಅದೇ ಚರ್ಚೆಗೆ ಮರಳಿ ತಮ್ಮ ಫಲಿತಾಂಶ ಬರೆದಿದ್ದಾರೆ. ಇಂಥದ್ದು ವಾಟ್ಸಾಪಿನಲ್ಲಿ ಕೂಡಿ ಬರಲು ಸಾಧ್ಯವೇ ಇಲ್ಲ. ಈ ವೇದಿಕೆ ಇರಬೇಕಾದದ್ದು ಇದಕ್ಕಾಗಿ.

ಸರ್ವರ್ ಕಾವಲು (ಬೆಂಗಳೂರು)

ತಾಂತ್ರಿಕ ಕೆಲಸ ನೋಡಿಕೊಳ್ಳುವವನು ನಾನು. ಊರು ಸಾಗರದ ಕಡೆ, ಕೆಲಸ ಇಲ್ಲಿ.

ಮೊದಲು ಮಾಡಿದ್ದು ದತ್ತಾಂಶದ ಪೂರ್ತಿ ಪ್ರತಿ ತೆಗೆದದ್ದು. ಈಗ ಅದು ಮೂರು ಬೇರೆ ಬೇರೆ ಕಡೆ ಇದೆ. ನಮ್ಮ ತಂತ್ರಾಂಶ ತೀರಾ ಹಳೆಯದು. ಅದು ಓಡುತ್ತಿರುವುದು ಜಾಲತಾಣ ಬರೆಯುವ ಗಣಕ ಭಾಷೆಯಾದ ಪಿಎಚ್‌ಪಿ 5.6ರ ಮೇಲೆ. ಆ ಆವೃತ್ತಿಗೆ ಸುರಕ್ಷತಾ ಪರಿಷ್ಕರಣೆ ನಿಂತದ್ದು 2018ರ ಕೊನೆಗೆ. ಯಂತ್ರಗಳು ಇಷ್ಟು ಸುಲಭವಾಗಿ ನುಗ್ಗಲು ಇದೂ ಒಂದು ಕಾರಣ. ಹೊಸ ಆವೃತ್ತಿಗೆ ಹೋಗಲೇಬೇಕು.

ಚಿತ್ರಗಳ ವಿಷಯ ಬೇಸರದ್ದು. ಆಗೆಲ್ಲ ಸದಸ್ಯರು ಚಿತ್ರಗಳನ್ನು ಹೊರಗಿನ ಒಂದು ಉಚಿತ ತಾಣದಲ್ಲಿ ಇಟ್ಟು, ಇಲ್ಲಿ ಕೊಂಡಿ ಮಾತ್ರ ಕೊಡುತ್ತಿದ್ದರು. 2017ರಲ್ಲಿ ಆ ತಾಣ ಇದ್ದಕ್ಕಿದ್ದಂತೆ ಹಣ ಕೇಳಿ ಕೊಂಡಿಗಳನ್ನೆಲ್ಲ ಕಡಿಯಿತು. ರೋಗ ಗುರುತಿಸುವ ಚರ್ಚೆಯಲ್ಲಿ ಚಿತ್ರವೇ ಇಲ್ಲದಿದ್ದರೆ ಉಳಿಯುವುದೇನು? ಕೆಲವನ್ನು ಇಂಟರ್‌ನೆಟ್ ಆರ್ಕೈವಿನ ಹಳೆಯ ಪ್ರತಿಗಳಿಂದ ಹುಡುಕಿ ತೆಗೆಯುತ್ತಿದ್ದೇನೆ. ಹಳೆಯ ಸದಸ್ಯರಲ್ಲಿ ಮೂಲ ಚಿತ್ರಗಳಿದ್ದರೆ ದಯವಿಟ್ಟು ಕಳುಹಿಸಿ, ಹಳೆಯ ಗಣಕಯಂತ್ರಗಳನ್ನು ಒಮ್ಮೆ ತೆರೆದು ನೋಡಿ. ಇನ್ನು ಮುಂದೆ ಚಿತ್ರಗಳು ನಮ್ಮ ಸರ್ವರಿನಲ್ಲೇ ಇರುತ್ತವೆ.

ಪುತ್ತೂರಿನವರ ಪ್ರಶ್ನೆಗೆ ನನ್ನ ಕಡೆಯಿಂದ ಒಂದು ಮಾತು. ಜನ ಬರೆಯುತ್ತಿದ್ದ ಜಾಲತಾಣಗಳು ಎಷ್ಟು ಮುಚ್ಚಿವೆ ನೋಡಿ: ಜಿಯೋಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದವು. ಪ್ರತಿ ಸಲವೂ ಲಕ್ಷಾಂತರ ಜನ ಬರೆದದ್ದು ಹೋಯಿತು. ಬೇರೆಯವರ ಜಾಗದಲ್ಲಿ ಬರೆದ ನೆನಪು ಅವರ ಇಷ್ಟದಷ್ಟು ದಿನ ಮಾತ್ರ ಉಳಿಯುತ್ತದೆ. ನಮ್ಮ ದತ್ತಾಂಶ ನಮ್ಮ ಕೈಯಲ್ಲಿದೆ. ಈ ಒಂದೇ ಕಾರಣ ನನಗೆ ಸಾಕು.

ಹೊಸ ಸಸಿ (ಚನ್ನಗಿರಿ)

ನಾನು ಹೊಸಬ. ನೋಂದಣಿಗೆ ಅರ್ಜಿ ಹಾಕಿ ಬಹಳ ದಿನ ಒಪ್ಪಿಗೆ ಬಾರದೆ ಕಾಯ್ದವರಲ್ಲಿ ಒಬ್ಬ.

ಓದುಗನಾಗಿ ಒಂದು ತೊಂದರೆ ಹೇಳುತ್ತೇನೆ. ನಮ್ಮದು ಬಯಲುಸೀಮೆ, ಕೊಳವೆಬಾವಿ ನೀರು. ಮಲೆನಾಡಿನ ಇಳಿಜಾರಿನ ತೋಟಕ್ಕೂ ನಮ್ಮ ಗದ್ದೆಯಲ್ಲಿ ಮಾಡಿದ ತೋಟಕ್ಕೂ ಅಜಗಜಾಂತರ. ಇಲ್ಲಿನ ಹಳೆಯ ಸಲಹೆಗಳಲ್ಲಿ ಬರೆದವರ ಊರು, ಮಣ್ಣು, ನೀರಿನ ಮೂಲ ಯಾವುದೂ ಇರುವುದಿಲ್ಲ. ಬಸಿಗಾಲುವೆ ಆಳವಾಗಿ ತೋಡಿ ಎಂಬ ಮಾತು ಮಲೆನಾಡಿಗೆ ಸರಿ. ಅದನ್ನು ಹಾಗೆಯೇ ನಮ್ಮಲ್ಲಿ ಮಾಡಿದರೆ ಬೇಸಿಗೆಯಲ್ಲಿ ಗಿಡ ಒಣಗುತ್ತದೆ. ಪ್ರತಿ ಸದಸ್ಯರ ಹೆಸರಿನ ಜೊತೆ ತಾಲ್ಲೂಕು ಮತ್ತು ನೀರಾವರಿ ವಿಧಾನ ಕಾಣುವಂತೆ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ.

ಇನ್ನೊಂದು, ಹುಡುಕಾಟ. ನೀವು ಕೊಳೆರೋಗ ಎನ್ನುವುದನ್ನು ಕರಾವಳಿಯವರು ಮಹಾಳಿ ಎಂದು ಬರೆದಿರುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ ಹಳೆಯ ಚರ್ಚೆಗಳಂತೂ ಇದ್ದೂ ಇಲ್ಲದಂತೆ.

ಸರ್ವರ್ ಕಾವಲು

ತಾಲ್ಲೂಕಿನ ಸಲಹೆ ತುಂಬಾ ಚೆನ್ನಾಗಿದೆ, ಸೇರಿಸುತ್ತೇನೆ. ಹುಡುಕಾಟಕ್ಕೆ ಯಂತ್ರವನ್ನೇ ನಂಬಿದರೆ ಆಗದು. ಪ್ರತಿ ಚರ್ಚೆಗೂ ಯಾರಾದರೂ ಓದಿ ವಿಷಯದ ಗುರುತು ಹಚ್ಚಬೇಕು. ಕಷ್ಟದ ಕೆಲಸವಲ್ಲ, ಆದರೆ ಕೈಗಳು ಬೇಕು. ತೋಟ ಬಿಟ್ಟು ಊರ ಹೊರಗೆ ಇರುವ ಮಕ್ಕಳು, ವಿದೇಶದಲ್ಲಿ ಇರುವವರು ರಾತ್ರಿ ಅರ್ಧ ಗಂಟೆ ಕೊಟ್ಟರೂ ಆಗುತ್ತದೆ.

ನೋಂದಣಿಗೆ ಇನ್ನು ಮುಂದೆ ಒಂದು ಪ್ರಶ್ನೆಗೆ ಕನ್ನಡ ಲಿಪಿಯಲ್ಲೇ ಉತ್ತರ ಬರೆಯಬೇಕಾಗುತ್ತದೆ, ತೋಟ ಕಂಡವರಿಗೆ ಸುಲಭವಾದದ್ದು. ಹೊಸಬರ ಮೊದಲ ಬರಹ ಮಾತ್ರ ಪರಿಶೀಲನೆಗೆ ನಿಲ್ಲುತ್ತದೆ. ಅದನ್ನು ಅದೇ ದಿನ ನೋಡಬೇಕು ಎಂಬುದು ನಮ್ಮ ಮೂವರ ನಿಯಮ. ಚನ್ನಗಿರಿಯವರನ್ನು ಕಾಯಿಸಿದಂತೆ ಇನ್ನಾರನ್ನೂ ಕಾಯಿಸುವುದಿಲ್ಲ.

ಹಿತ್ತಿಲ ಬೇಲಿ (ಸಾಗರ)

ಎಲ್ಲರೂ ಯಂತ್ರಗಳ ಹಾವಳಿ ಬಗ್ಗೆ ಮಾತನಾಡುತ್ತಿದ್ದೀರಿ. ಇಲ್ಲಿಂದ ಮನುಷ್ಯರು ಹೋದದ್ದು ಯಂತ್ರಗಳು ಬರುವುದಕ್ಕೆ ಬಹಳ ಮೊದಲು. ಅದನ್ನೂ ಹೇಳಲೇಬೇಕು.

ನಾನು ತೋಟವನ್ನು ನಾನೇ ನೋಡಿಕೊಳ್ಳುತ್ತೇನೆ. ಒಮ್ಮೆ ಕಾಳುಮೆಣಸಿನ ಬಳ್ಳಿ ಸೊರಗುವ ಬಗ್ಗೆ ಇಲ್ಲಿ ಕೇಳಿದೆ. ಬಂದ ಮೊದಲ ಉತ್ತರ, ಮನೆಯ ಯಜಮಾನರಿಂದ ಬರೆಸಿ ಎಂದು. ಎರಡನೆಯದು, ಇಷ್ಟು ಸಾಮಾನ್ಯ ವಿಷಯ ತಿಳಿಯದೆ ತೋಟ ಮಾಡುತ್ತೀರಾ ಎಂದು. ಯಾವ ಸಂಚಾಲಕರೂ ಒಂದು ಮಾತು ಆಡಲಿಲ್ಲ. ಆಮೇಲೆ ನಾನು ಓದುತ್ತಿದ್ದೆ, ಬರೆಯುತ್ತಿರಲಿಲ್ಲ. ನನಗೆ ಗೊತ್ತಿರುವ ಬೇರೆ ಹೆಂಗಸರೂ ಹಾಗೆಯೇ. ಅಡಿಕೆ ಸುಲಿಯುವುದರಿಂದ ಹಿಡಿದು ಬೇಯಿಸಿ ಒಣಗಿಸುವವರೆಗೆ ಹೆಂಗಸರ ಕೈ ಇಲ್ಲದ ಹಂತ ಯಾವುದು? ಅವರ ತಿಳಿವಳಿಕೆ ಈ ವೇದಿಕೆಯಲ್ಲಿ ಎಲ್ಲಿದೆ?

ವೇದಿಕೆ ಮತ್ತೆ ನಡೆಯಬೇಕೆಂದು ನನಗೂ ಆಸೆ. ಆದರೆ ಪ್ರಶ್ನೆ ಕೇಳಿದವರನ್ನು ಅವಮಾನಿಸುವ ಉತ್ತರ ತಕ್ಷಣ ಹೋಗಬೇಕು, ಬರೆದವರು ಎಷ್ಟೇ ಹಿರಿಯರಿರಲಿ. ಅದಿಲ್ಲದಿದ್ದರೆ ಬಾಕಿ ಯಾವ ಸುಧಾರಣೆಯೂ ಬೇಡ.

ಸೋಗೆ

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಇದು ಮೊದಲ ನಿಯಮವಾಗಲಿ. ಬರಹವನ್ನು ತೆಗೆದಾಗ ಯಾರು ತೆಗೆದರು, ಏಕೆ ತೆಗೆದರು ಎಂಬುದನ್ನು ಎಲ್ಲರೂ ನೋಡಬಹುದಾದ ಒಂದು ಪುಟದಲ್ಲಿ ದಾಖಲಿಸುತ್ತೇವೆ. ಸಂಚಾಲಕರ ಮೇಲಿನ ದೂರು ಅದೇ ಸಂಚಾಲಕರ ಕೈಗೆ ಹೋಗಬಾರದು, ಉಳಿದ ಇಬ್ಬರು ನೋಡಬೇಕು.

ನಿಮ್ಮ ಆ ಮೆಣಸಿನ ಪ್ರಶ್ನೆ ಉತ್ತರವಿಲ್ಲದವುಗಳ ಪಟ್ಟಿಯಲ್ಲಿದೆ. ಸಂಸ್ಕರಣೆಗೆ ಒಂದು ಪ್ರತ್ಯೇಕ ವಿಭಾಗ ತೆರೆದರೆ ಅದನ್ನು ನೀವೇ ನಡೆಸಿಕೊಡುವಿರಾ?

ಹಿತ್ತಿಲ ಬೇಲಿ

ಒಬ್ಬಳೇ ಅಲ್ಲ, ಇನ್ನೊಬ್ಬರು ಜೊತೆಗಿದ್ದರೆ ಆಗಬಹುದು. ಕೊಯ್ಲಿನ ಕಾಲದಲ್ಲಿ ನನಗೆ ಬಿಡುವಿರುವುದಿಲ್ಲ. ಹಿಂದಿನ ವೇದಿಕೆ ಸೊರಗಿದ್ದು ಒಬ್ಬರ ಮೇಲೇ ಎಲ್ಲವೂ ಬಿದ್ದದ್ದರಿಂದ. ಯಾವ ವಿಭಾಗಕ್ಕೂ ಇಬ್ಬರಿಗಿಂತ ಕಡಿಮೆ ಜನ ಇರಬಾರದು.

ಘಟ್ಟದ ಕೆಳಗೆ

ಬೋರ್ಡೋ ಚರ್ಚೆಯನ್ನು ಪೂರ್ತಿ ಓದಿದೆ. ನನ್ನ ಮೊದಲ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅದಕ್ಕೆ ಉತ್ತರ ಸಿಕ್ಕಿತು.

ಆದರೆ ಹಳೆಯ ಬರಹಗಳನ್ನು ಓದುತ್ತಾ ಹೋದಂತೆ ಒಂದು ದೊಡ್ಡ ಅಪಾಯ ಕಂಡಿತು. ಬೇರುಹುಳಕ್ಕೆ ಫೋರೇಟ್ ಎಂಬ ಕೀಟನಾಶಕದ ಹರಳು ಹಾಕಿ ಎಂಬ ಸಲಹೆ ಎಷ್ಟೋ ಕಡೆ ಇದೆ. ಫೋರೇಟ್ ಬಳಕೆಯನ್ನು ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಲಾಗಿದೆ. ಅದಕ್ಕಿಂತ ಹಳೆಯ ಪುಟಗಳಲ್ಲಿ ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಣೆಯ ಲೆಕ್ಕವೂ ಇದೆ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಕಾಸರಗೋಡಿನ ಗೇರು ತೋಟಗಳ ಸುತ್ತ, ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಪರಿಣಾಮವನ್ನು ಇಂದಿಗೂ ಅನುಭವಿಸುತ್ತಿರುವ ಕುಟುಂಬಗಳಿವೆ. ಹಾಸಿಗೆಯಿಂದ ಏಳಲಾರದೆ ಬೆಳೆದ ಮಕ್ಕಳನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಮ್ಮದೇ ವೇದಿಕೆಯಲ್ಲಿ ಅದರ ಅಳತೆ ಹೇಳಿಕೊಡುವ ಪುಟ ಇನ್ನೂ ತೆರೆದಿರುವುದು ನನಗೆ ಸಹಿಸಲಾಗದ ಸಂಗತಿ. ಈ ಬರಹಗಳನ್ನೆಲ್ಲ ಅಳಿಸಿಬಿಡಿ. ಇದು ನನ್ನ ಒತ್ತಾಯ.

ಸೋಗೆ

ನಿಮ್ಮ ನೋವು ಅರ್ಥವಾಗುತ್ತದೆ. ಅಪಾಯದ ಮಾತು ನೂರಕ್ಕೆ ನೂರು ನಿಜ. ಆದರೂ ಅಳಿಸುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ, ಕಾರಣ ಹೇಳುತ್ತೇನೆ.

ಆ ಎಂಡೋಸಲ್ಫಾನ್ ಚರ್ಚೆಯ ಕೆಳಗೆ ಒಬ್ಬ ಸದಸ್ಯರು ಬಲವಾಗಿ ವಿರೋಧಿಸಿ ಬರೆದಿದ್ದಾರೆ. ಪಕ್ಕದ ತೋಡಿನಲ್ಲಿ ಮೀನು ಸತ್ತದ್ದು, ಜೇನು ಹಾರಿಹೋದದ್ದು ಎಲ್ಲವನ್ನೂ ದಾಖಲಿಸಿದ್ದಾರೆ. ನಾವು ಏನನ್ನು ನಂಬಿದ್ದೆವು, ಯಾರು ಎಚ್ಚರಿಸಿದರು, ಎಷ್ಟು ತಡವಾಗಿ ಕೇಳಿದೆವು ಎಂಬುದರ ಸಾಕ್ಷ್ಯ ಅದು. ಅಳಿಸಿದರೆ ಎಚ್ಚರಿಸಿದವರ ದನಿಯೂ ಅಳಿಯುತ್ತದೆ. ಬದಲಿಗೆ ಅಂಥ ಪ್ರತಿ ಚರ್ಚೆಯ ನೆತ್ತಿಯ ಮೇಲೆ ಕೆಂಪು ಪಟ್ಟಿ ಹಾಕೋಣ: ಇಲ್ಲಿ ಹೇಳಿದ ವಿಷ ಈಗ ನಿಷೇಧಿತ, ಇಂಥ ವರ್ಷದಿಂದ, ಬಳಸಬೇಡಿ ಎಂದು. ಈಗಿನ ಸಲಹೆ ಎಲ್ಲಿದೆ ಎಂಬ ಕೊಂಡಿಯನ್ನೂ ಅಲ್ಲೇ ಕೊಡೋಣ.

ಘಟ್ಟದ ಕೆಳಗೆ

ಪಟ್ಟಿಯನ್ನು ಯಾರು ನೋಡುತ್ತಾರೆ? ಮೊಬೈಲಿನಲ್ಲಿ ಹುಡುಕಿ ಬಂದವರು ನೇರವಾಗಿ ಅಳತೆ ಇರುವ ಸಾಲಿಗೆ ಹೋಗುತ್ತಾರೆ. ಆ ಸಾಲಿನ ಚಿತ್ರ ತೆಗೆದು ಗುಂಪಿಗೆ ಕಳುಹಿಸುತ್ತಾರೆ. ಆಗ ಕೆಂಪು ಪಟ್ಟಿ ಜೊತೆಗೆ ಹೋಗುವುದಿಲ್ಲ.

ಹಿತ್ತಿಲ ಬೇಲಿ

ಹಾಗಾದರೆ ಅಳತೆಯನ್ನು ಮಾತ್ರ ಮುಚ್ಚಿ. ಚರ್ಚೆ ಇರಲಿ, ಎಚ್ಚರಿಕೆ ಇರಲಿ. ಎಷ್ಟು ಗ್ರಾಂ, ಎಷ್ಟು ನೀರಿಗೆ ಎಂಬ ಸಾಲಿನ ಜಾಗದಲ್ಲಿ ನಿಷೇಧಿತ ವಿಷದ ಪ್ರಮಾಣವನ್ನು ಸಂಚಾಲಕರು ತೆಗೆದಿದ್ದಾರೆ ಎಂದು ಬರೆಯಿರಿ. ಇಬ್ಬರ ಮಾತೂ ನಿಲ್ಲುತ್ತದೆ.

ಘಟ್ಟದ ಕೆಳಗೆ

ಇದಕ್ಕೆ ನನ್ನ ಒಪ್ಪಿಗೆ ಇದೆ. ಆ ಹಳೆಯ ಪುಟಗಳನ್ನು ಒಂದೊಂದಾಗಿ ಓದಿ ಗುರುತು ಮಾಡುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ನಮಗೆ ಹತ್ತಿರ. ಈಗಿನ ಶಿಫಾರಸುಗಳನ್ನು ಅಲ್ಲಿಯ ಪ್ರಕಟಣೆಗಳ ಜೊತೆ ತಾಳೆ ನೋಡಿಯೇ ಬರೆಯುತ್ತೇನೆ. ನಮ್ಮ ಅನುಭವ ಬೇರೆ, ಪ್ರಯೋಗದಿಂದ ಸಿದ್ಧವಾದ ಶಿಫಾರಸು ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ತೋರಿಸಬೇಕು.

ಜೊತೆಗೆ ಇನ್ನೊಂದು ಬೇಡಿಕೆ. ಬೆಳೆಗಾರರ ವೇಷದಲ್ಲಿ ಬಂದು ತಮ್ಮದೇ ಅಂಗಡಿಯ ಟಾನಿಕ್ಕು, ಮಾಂತ್ರಿಕ ಗೊಬ್ಬರಗಳನ್ನು ಹೊಗಳುವವರು ಇದ್ದರು. ಮಾರುವವರು ಇಲ್ಲಿಗೆ ಬರಬಾರದೆಂದಲ್ಲ. ನಾನು ಮಾರಾಟಗಾರ ಎಂದು ಹೆಸರಿನ ಪಕ್ಕದಲ್ಲಿ ಘೋಷಿಸಿಕೊಂಡು ಬರಲಿ.

ಕಡಲಾಚೆ (ಹೊರದೇಶದಿಂದ)

ಬಹಳ ಕಾಲದಿಂದ ಮೌನವಾಗಿ ಓದುತ್ತಿರುವವಳು. ತೋಟ ಈಗ ಅಣ್ಣನ ಕೈಯಲ್ಲಿದೆ. ವಿಷಯದ ಗುರುತು ಹಚ್ಚುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಇಂಗ್ಲಿಷ್ ಅಕ್ಷರದಲ್ಲಿರುವ ಬರಹಗಳನ್ನು ಕನ್ನಡ ಲಿಪಿಗೆ ತರುವುದನ್ನೂ ಮಾಡಬಲ್ಲೆ. ಮೂಲವನ್ನು ತೆಗೆಯದೆ ಕೆಳಗೆ ಸೇರಿಸಿದರೆ ಸಾಕಲ್ಲವೇ?

ಓದುವವರು ಹೆಚ್ಚು, ಬರೆಯುವವರು ಕಡಿಮೆ ಎಂದು ಯಾರೂ ಬೇಸರಿಸಬೇಡಿ. ಜಾಲದ ಸಮುದಾಯಗಳಲ್ಲಿ ನೂರರಲ್ಲಿ ತೊಂಬತ್ತು ಜನ ಓದುಗರೇ, ಒಂಬತ್ತು ಜನ ಆಗಾಗ ಬರೆಯುತ್ತಾರೆ, ಒಬ್ಬರೇ ಸದಾ ಬರೆಯುತ್ತಾರೆ ಎಂದು ಜಾಲತಾಣ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲೇ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದರು. ಓದುಗರೂ ಸದಸ್ಯರೇ. ಅವರು ಮಾಡಬಹುದಾದ ಸಣ್ಣ ಕೆಲಸಗಳನ್ನು ಹೀಗೆ ಎದುರಿಗಿಟ್ಟರೆ ಕೆಲವರು ಮುಂದೆ ಬರುತ್ತಾರೆ, ನಾನು ಬಂದಂತೆ.

ಒಂದು ವಿಷಯ ಗಮನಿಸಿ. ಹಳೆಯ ಬರಹಗಳಲ್ಲಿ ಸದಸ್ಯರ ದೂರವಾಣಿ ಸಂಖ್ಯೆ, ಮನೆ ವಿಳಾಸಗಳು ಬಹಿರಂಗವಾಗಿವೆ. ಆ ಕಾಲದಲ್ಲಿ ಎಲ್ಲರೂ ನಂಬಿಕೆಯಿಂದ ಕೊಟ್ಟಿದ್ದರು. ಈಗ ಅವು ವಂಚಕರ ಕೈಗೆ ಸಿಗುತ್ತವೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ. ಮೊದಲು ಅವನ್ನು ಮರೆಮಾಡಿ.

ಸರ್ವರ್ ಕಾವಲು

ಸಂಖ್ಯೆಗಳನ್ನು ಮರೆಮಾಡುವ ಕೆಲಸ ಈ ವಾರವೇ ಆಗುತ್ತದೆ. ಲಿಪ್ಯಂತರದ ಬಗ್ಗೆ ನೀವು ಹೇಳಿದ್ದು ಸರಿ, ಮೂಲ ಹಾಗೆಯೇ ಉಳಿಯಲಿ.

ಈಗ ಒಡೆತನದ ಮಾತು. ಜಾಲವಿಳಾಸ ಇಂದಿಗೂ ಒಬ್ಬರ ವೈಯಕ್ತಿಕ ಹೆಸರಿನಲ್ಲಿದೆ. ನವೀಕರಣದ ನೆನಪೋಲೆ ಅವರು ಬಳಸದ ಒಂದು ಇಮೇಲಿಗೆ ಹೋಗುತ್ತಿತ್ತು. ಅವಧಿ ಮುಗಿದು ಬೇರೆಯವರು ಕೊಂಡಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವಿಳಾಸ, ಸರ್ವರ್, ಬ್ಯಾಂಕ್ ಖಾತೆ ಮೂರೂ ಸಂಘದ ಹೆಸರಿನಲ್ಲಿರಲಿ. ವರ್ಷದ ಖರ್ಚನ್ನು ವೇದಿಕೆಯಲ್ಲೇ ಪ್ರಕಟಿಸೋಣ.

ಹೊಸ ಸಸಿ

ಸಂಘದ ಏಳು ಜನರಲ್ಲಿ ಬಯಲುಸೀಮೆಯವರು ಒಬ್ಬರಾದರೂ ಇರಲಿ. ಬೇರೆ ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ದೂರು ಸ್ವೀಕರಿಸುವ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಆ ಕೆಲಸ ಯಾರಿಗೆ ಎಂಬುದನ್ನೂ ಸಂಘದ ಮೊದಲ ಸಭೆಯಲ್ಲೇ ತೀರ್ಮಾನಿಸಿ.

ಸೋಗೆ

ಹಾಗೆಯೇ ಆಗಲಿ. ಕೊಪ್ಪದವರ ಎಲೆಚುಕ್ಕಿ ಪ್ರಶ್ನೆಗೆ ನಾನು ಇಂದು ಉತ್ತರ ಬರೆದಿದ್ದೇನೆ. ರೋಗ ತಗುಲಿ ಬಿದ್ದ ಸೋಗೆಗಳನ್ನು ತೋಟದಿಂದ ಹೊರಗೆ ತೆಗೆಯದೆ ಸಿಂಪಡಣೆ ಮಾತ್ರ ಮಾಡಿದರೆ ಏನೂ ಉಳಿಯುವುದಿಲ್ಲ ಎಂಬುದನ್ನು ಒತ್ತಿ ಹೇಳಿದ್ದೇನೆ. ಅಕ್ಕಪಕ್ಕದ ತೋಟದವರೆಲ್ಲ ಸೇರಿಯೇ ಮಾಡಬೇಕಾದ ಕೆಲಸ ಅದು ಎಂದೂ ಸೇರಿಸಿದ್ದೇನೆ. ಅನುಭವ ಇರುವ ಬೇರೆಯವರು ಅಲ್ಲಿಗೆ ಹೋಗಿ ತಿದ್ದಿ, ಸೇರಿಸಿ. ಸುಳ್ಯದವರ ಹಳದಿ ಎಲೆ ಪ್ರಶ್ನೆಗೆ ಆ ಭಾಗದವರೇ, ತೋಟ ಕಳೆದುಕೊಂಡು ಬೇರೆ ಬೆಳೆಗೆ ಹೋದವರೇ ಉತ್ತರಿಸಬೇಕು. ನನಗೆ ಆ ಅಧಿಕಾರವಿಲ್ಲ. ಸಂಪಾಜೆ ಕಡೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಬನ್ನಿ.

ಸರ್ವರ್ ಕಾವಲು

ಹೊಸ ತಂತ್ರಾಂಶಕ್ಕೆ ಸಾಗಿಸುವಾಗ ಒಂದು ರಾತ್ರಿ ವೇದಿಕೆಯನ್ನು ಓದಲು ಮಾತ್ರ ಆಗುತ್ತದೆ, ಬರೆಯಲು ಆಗುವುದಿಲ್ಲ. ದಿನಾಂಕವನ್ನು ಇಲ್ಲೇ ತಿಳಿಸುತ್ತೇನೆ. ಅದಕ್ಕೆ ಮೊದಲು ಎಲ್ಲರೂ ತಮ್ಮ ಖಾತೆಯ ಇಮೇಲ್ ಈಗಲೂ ಬಳಕೆಯಲ್ಲಿರುವುದೇ ಎಂದು ನೋಡಿ ಬದಲಾಯಿಸಿಕೊಳ್ಳಿ. ಸಾಗಿಸಿದ ನಂತರ ಹೊಸ ಗುಪ್ತಪದ ಅದೇ ವಿಳಾಸಕ್ಕೆ ಬರುತ್ತದೆ. ಹಳೆಯ ಇಮೇಲ್ ಕಳೆದುಹೋದವರು ಮೂವರು ಸಂಚಾಲಕರಲ್ಲಿ ಯಾರಿಗಾದರೂ ಬರೆಯಿರಿ. ಹಳೆಯ ಸದಸ್ಯರಲ್ಲಿ ತೀರಿಕೊಂಡವರ ಖಾತೆಗಳನ್ನು ಅಳಿಸುವುದಿಲ್ಲ. ಅವರ ಬರಹಗಳು ಅವರ ಹೆಸರಿನಲ್ಲೇ ಇರುತ್ತವೆ. ಮನೆಯವರು ಬೇರೆ ರೀತಿ ಬಯಸಿದರೆ ತಿಳಿಸಲಿ.